ಬಾಯಿ ಮುಚ್ಚಿ ಬಿತ್ತುವ ಜೋಳ

ಅಪ್ಪ,

ಇದನ್ನು ಪೂರ್ತಿ ಓದುವವರೆಗೆ ಮಧ್ಯೆ ಮಾತಾಡಬಾರದು. ನಿಮಗೆ ಕಷ್ಟ ಅಂತ ಗೊತ್ತು.

ಹೋದ ಚಳಿಗಾಲ ನೆನಪಿದೆಯಾ? ಅಮ್ಮನ ಜೊತೆ ವಾರ್ಡಿನಲ್ಲಿ ಕೆಲಸ ಮಾಡುವ ನರ್ಸ್ ನಿಯಾ, ಇಂಡೋನೇಷ್ಯಾದ ಮುನಾ ದ್ವೀಪದವರು, ಊರಿನಿಂದ ಮುಸುಕಿನ ಜೋಳದ ಬೀಜ ತಂದಿದ್ದರು. ಈ ಕೊಲ್ಲಿ ದೇಶದಲ್ಲಿ, ಮಂಗಫ್‌ನ ನಮ್ಮ ಟೆರೇಸಿನಲ್ಲಿ, ಶುವೈಖ್ ಮಾರುಕಟ್ಟೆಯಿಂದ ತಂದ ಮರದ ಪೆಟ್ಟಿಗೆಗೆ ಮಣ್ಣು ತುಂಬಿ, "ಹಾಕೇಬಿಡೋಣ" ಅಂದಿರಿ. ನಿಯಾ ತಡೆದರು. ಅವರ ಮನೆಯ ಪದ್ಧತಿಯಲ್ಲಿ ಮೊದಲು ನೆಲ ಕಾಯುವವರಿಗೆ ಎಡೆ ಇಟ್ಟು ಅಪ್ಪಣೆ ಕೇಳಬೇಕು. ಆಮೇಲೆ ಪಾರಿಕ, ಅಂದರೆ ಬಿತ್ತನೆಯ ಹಿರಿಯ, ತುಟಿ ಬಿಚ್ಚದೆ ಹೊಲದ ನಡುಮಧ್ಯದಲ್ಲಿ ಮೊದಲ ಬೀಜಗಳನ್ನು ಊರಬೇಕು. ನಾವು ಅನ್ನ, ಮೊಟ್ಟೆ ಇಟ್ಟು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕಟ್ಟಡ ಕಾಯುವ ಹಾರಿಸ್ ತಟ್ಟೆ ಖಾಲಿ ಮಾಡಿದ್ದ. "ಅಪ್ಪಣೆ ಸಿಕ್ತು ಬಿಡಿ ಸಿಸ್ಟರ್," ಅಂದವರು ನೀವೇ.

ಪಾರಿಕ ಆಗುತ್ತೇನೆಂದು ಮುಂದೆ ಬಂದವರೂ ನೀವೇ. ಮೂರನೇ ಗುಳಿ ತೋಡುವಾಗ ಫೋನು ಬಂತು, "ಹಲೋ" ಅಂದಿರಿ. "ಖಲಾಸ್ ಭಾಯಿ. ಫಿರ್ ಸೇ," ಎಂದು ನಿಯಾ ವಾರ್ಡಿನಲ್ಲಿ ಕಲಿತ ಹಿಂದಿಯಲ್ಲಿ ಹೇಳಿ ಬೀಜ ಕೆದಕಿ ತೆಗೆದರು. ಎರಡನೇ ಸಲ ಕೊನೆಯ ಬೀಜದವರೆಗೂ ಬಂದು ನನ್ನ ಕಡೆ ತಿರುಗಿ, "ನೋಡ್ದಾ, ಮಾತೇ ಆಡ್ಲಿಲ್ಲ," ಅಂದಿರಿ. ಮತ್ತೆ ಕೆದಕಿದರು. ಮೂರನೇ ಸಲ ಬಾಯಿಗೆ ಬೆಲ್ಲದ ಅಚ್ಚು ಹಾಕಿಕೊಂಡಿರಿ. ಅದು ಕರಗಿದ್ದೇ ತಡ, "ಊರಿನ ಬೆಲ್ಲ ಇದು ಸಿಸ್ಟರ್..." ನಿಯಾ ಕೈಮುಗಿದು ಬೀಜ ಕೆದಕದೆ ಬಿಟ್ಟರು.

ಹಾಗಿದ್ದೂ ನಾಲ್ಕು ತೆನೆ ಬಂದವಲ್ಲ? ಮೂರನ್ನು ಸುಟ್ಟು ತಿಂದೆವು. ಒಂದನ್ನು ಬೀಜಕ್ಕೆಂದು ಅಡುಗೆಮನೆಯ ಕಿಟಕಿಗೆ ಕಟ್ಟಿದಿರಿ. ಬೇಸಿಗೆಯಲ್ಲಿ ನೀವೇ ಇಲ್ಲವಾದಿರಿ... ಅಮ್ಮ ಅದನ್ನು ಮುಟ್ಟಗೊಡಲಿಲ್ಲ. "ಅವರು ಕಟ್ಟಿದ್ದು. ಅಲ್ಲೇ ಇರ್ಲಿ." ಹುಳುವಿಗೆ ಹೇಳುವವರು ಯಾರು? ಒಂದು ದಿನ ಇಳಿಸಿ ನೋಡಿದರೆ ಗಟ್ಟಿ ಕಾಳು ಉಳಿದದ್ದು ಏಳೇ. ಆಗ ಅಮ್ಮ ತಾನೇ ನಿಯಾಗೆ ಫೋನು ಮಾಡಿದಳು.

ಈ ಸಲ ಪಾರಿಕ ಯಾರು ಗೊತ್ತಾ? ನಾನು. "ಯೇ ಲಡ್ಕಿ ಬಾತ್ ಹೀ ನಹೀ ಕರ್ತಿ. ಬೆಸ್ಟ್," ಅಂದರು ನಿಯಾ. ಸಾಹಿತ್ಯ ಓದಿದವಳು, ನಾಲ್ಕು ಜನರ ಮುಂದೆ ಬಾಯಿ ಬಿಡೋಕಾಗಲ್ವಾ ಅಂತ ನೀವು ಎಷ್ಟು ಸಲ ಬೈದಿದ್ದೀರಿ? ಬಾಯಿ ಬಿಡದಿರುವುದಕ್ಕೇ ನನಗೊಂದು ಕೆಲಸ ಸಿಕ್ಕಿತು.

ಹಾರಿಸ್ ತನ್ನ ಪಾಲಿನ ಮೊಟ್ಟೆ ತಿಂದು ಕೈಕಟ್ಟಿ ನಿಂತ. ಅಮ್ಮ ಬಾಗಿಲಲ್ಲೇ ನಿಂತಳು. ಆರು ಬೀಜ ಊರಿದೆ. ಏಳನೆಯದು ಬೆರಳಲ್ಲಿರುವಾಗ, "ಅಪ್ಪ, ಇದೇ ಕೊನೇದು," ಅಂದುಬಿಟ್ಟೆ. ಜೋರಾಗಿಯೇ. ಎಲ್ಲವನ್ನೂ ಕೆದಕಿ ತೆಗೆಯಬೇಕಾ? ನಿಯಾ ನೀರಿನ ಟ್ಯಾಂಕಿನ ಕಡೆ ಮುಖ ತಿರುಗಿಸಿ, "ಮೈನೇ ಕುಛ್ ನಹೀ ಸುನಾ," ಅಂದರು.

ಆರು ಮೊಳೆತಿವೆ. ಏಳನೆಯದು ಇನ್ನೂ ಇಲ್ಲ. ನಾನು ಮುಖ ಸಣ್ಣ ಮಾಡಿಕೊಂಡರೆ ಅಮ್ಮ, "ಅದು ನಿಮ್ಮಪ್ಪನ ಥರ ಕಣೇ. ಒಳಗೆ ಯಾರನ್ನೋ ಹಿಡ್ಕೊಂಡು ಮಾತಾಡ್ತಿರುತ್ತೆ. ಮುಗಿಸ್ಕೊಂಡು ಬರುತ್ತೆ ಬಿಡು," ಅಂದು ನಕ್ಕಳು. ನೀವು ಹೋದಮೇಲೆ ಅವಳು ಮೊದಲ ಸಲ ನಕ್ಕದ್ದು ಅವತ್ತೇ.

ಬೆಳಿಗ್ಗೆ ನೀರು ಹಾಕುವಾಗ ಅದರ ಹತ್ತಿರ ನಾನೂ ನಾಲ್ಕು ಮಾತಾಡುತ್ತೇನೆ. ನಿನ್ನೆ ಹಾರಿಸ್ ಕೆಳಗಿನಿಂದ ಕೂಗಿ ಕೇಳಿದ, ಮೇಲೆ ಯಾರ ಜೊತೆ ಇಷ್ಟು ಮಾತು ಅಂತ.

ನಾನೂ ಕೂಗಿಯೇ ಹೇಳಿದೆ, "ಅಪ್ಪನ ಜೊತೆ." ಇಡೀ ಕಟ್ಟಡಕ್ಕೆ ಕೇಳಿಸಿರಬೇಕು.

ನಿಮ್ಮ ಮಗಳು