ಕೆಳಸಾಲಿನ ಪುಸ್ತಕಗಳು

ಓಲ್ಡ್ ಟೌನ್, ಭದ್ರಾವತಿ
18-2-2025, ಮಂಗಳವಾರ

ಶ್ರೀಗೌರಿ ಅಕ್ಕನವರಿಗೆ ನಿಮ್ಮ ಅಂಬಿಯ ನಮಸ್ಕಾರಗಳು.

ಭಾನುವಾರದಿಂದ ಒಂಬತ್ತು ಸಲ ಫೋನ್ ಮಾಡಿದ್ದೀರಿ. ನಾನು ಎತ್ತಲಿಲ್ಲ. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ. ಕೆಲಸಕ್ಕೆ ಬಂದ ಮೊದಲ ವಾರ ಪ್ರಣವ ಅಣ್ಣ ನಿಮ್ಮ ಹತ್ತಿರ, "ಈ ಹುಡುಗಿ ಮೂಗಿನಾ ಹೇಗೆ?" ಎಂದು ಕೇಳಿದ್ದು ಅಡುಗೆಮನೆಯಲ್ಲಿದ್ದ ನನಗೂ ಕೇಳಿಸಿತ್ತು. ಆದ್ದರಿಂದ ಬರೆಯುತ್ತಿದ್ದೇನೆ. ನಿಮ್ಮ ಮೆಸೇಜಿನಲ್ಲಿದ್ದದ್ದು ಒಂದೇ ಪ್ರಶ್ನೆ. ಅಮ್ಮ ಮನೆಯಲ್ಲಿ ಅಷ್ಟು ಚೆನ್ನಾಗಿ ಓದುತ್ತಿದ್ದವರು ಸ್ಟೇಜಿನ ಮೇಲೆ ಯಾಕೆ ಹಾಗೆ ಮಾಡಿದರು ಎಂದು.

ಮನೆಯಲ್ಲೂ ಅವರು ಓದುತ್ತಿರಲಿಲ್ಲ ಅಕ್ಕ. ಈ ಐದು ತಿಂಗಳಲ್ಲಿ ಒಂದು ದಿನವೂ ಓದಿದವರಲ್ಲ. ನಾನು ತೆಗೆದು ಕಳಿಸಿದ ವಿಡಿಯೋಗಳಲ್ಲಿ ನೀವು ನೋಡಿದ್ದು ಬಾಯಿಪಾಠ.

ಗಣಪತಿ ಹಬ್ಬ ಕಳೆದ ಮೇಲೆ ನಾನು ಶಿವಮೊಗ್ಗಕ್ಕೆ, ವಿನೋಬನಗರದ ನಿಮ್ಮ ಮನೆಗೆ ಬಂದಾಗ ಟೀಚರಿಗೆ, ಅಂದರೆ ನಿಮ್ಮ ಅಮ್ಮನಿಗೆ, ಸ್ಟ್ರೋಕ್ ಆಗಿ ಒಂದು ತಿಂಗಳಾಗಿತ್ತು. ಕೈಕಾಲು ಚೆನ್ನಾಗಿದ್ದವು, ಮಾತಿತ್ತು, ಸಿಟ್ಟಂತೂ ಇದ್ದೇ ಇತ್ತು. ಅಕ್ಷರ ಮಾತ್ರ ಹೋಗಿತ್ತು. ಪೇಪರ್ ಹಿಡಿದರೆ ಇರುವೆ ಸಾಲು ಕಾಣುತ್ತದೆ ಎನ್ನುತ್ತಿದ್ದರು. ತರಬೇತಿ ಕೊಡುವ ಮೇಡಂ ಬಂದು, ಮೊದಲ ಆರು ತಿಂಗಳು ಬಹಳ ಮುಖ್ಯ, ದಿನಾ ಸ್ವಲ್ಪ ಸ್ವಲ್ಪ ಓದಿಸಿದರೆ ಅಕ್ಷರ ವಾಪಸ್ ಬರಬಹುದು, ಬಿಟ್ಟರೆ ಕಷ್ಟ ಎಂದು ಹೇಳಿ ಹೋದರು. ನೀವು ಕೋರ್ಟಿಗೆ ಹೊರಡುವ ಗಡಿಬಿಡಿಯಲ್ಲಿ ಬೀರುವಿನಿಂದ ಟೀಚರ ಹಳೆಯ ನೋಟ್ ಬುಕ್ ತೆಗೆದು ನನ್ನ ಕೈಗೆ ಕೊಟ್ಟಿರಿ. "ಇದರಲ್ಲಿ ಅಮ್ಮನ ಪಟ್ಟಿ ಇದೆ ನೋಡು. ಓದೋಕೆ ಕಷ್ಟಪಡೋ ಮಕ್ಕಳಿಗೆ ಯಾವ ಪುಸ್ತಕ ಆದ್ಮೇಲೆ ಯಾವ್ದು ಕೊಡ್ಬೇಕು ಅಂತ. ಎಷ್ಟೊಂದು ಜನ ಮೇಷ್ಟ್ರುಗಳು ಕಾಪಿ ಮಾಡ್ಕೊಂಡಿದ್ದಾರೆ. ಇದನ್ನೇ ಅಮ್ಮನಿಗೂ ಮಾಡಿಸು" ಎಂದಿರಿ.

ಆ ಪಟ್ಟಿಯನ್ನು ನನಗೆ ಯಾರೂ ತೋರಿಸಬೇಕಾಗಿರಲಿಲ್ಲ. ನಿಮ್ಮ ಮನೆಯಲ್ಲಿ ನಾನು ಅಂಬಿ. ಭದ್ರಾವತಿಯಲ್ಲಿ ನಿಮ್ಮ ತಾಯಿ ಪಾಠ ಮಾಡುತ್ತಿದ್ದ ಶಾಲೆಯ ಹಾಜರಿ ಪುಸ್ತಕದಲ್ಲಿ ನಾನು ಜಗದಾಂಬಾ. ಮೂರನೇ ಕ್ಲಾಸಿನಿಂದ ಐದರವರೆಗೆ ಅವರ ಕೈಕೆಳಗೇ ಇದ್ದೆ. ಇದನ್ನು ನಿಮಗೆ ಹೇಳಿರಲಿಲ್ಲ. ಅವರಿಗಂತೂ ನನ್ನ ಗುರುತೇ ಹತ್ತಲಿಲ್ಲ.

ನಮ್ಮ ಕ್ಲಾಸಿನಲ್ಲಿ ಮರದ ಬೀರು ಒಂದಿತ್ತು. ಅದರ ಪುಸ್ತಕಗಳನ್ನೆಲ್ಲ ಟೀಚರ್ ತಮ್ಮ ಸಂಬಳದಲ್ಲಿ ಕೊಂಡು, ಗಾಂಧಿ ಬಜಾರಿನಿಂದ ಚೀಲದಲ್ಲಿ ಹೊತ್ತು, ಬಸ್ಸಿನಲ್ಲಿ ನಿಂತುಕೊಂಡೇ ಶಿವಮೊಗ್ಗದಿಂದ ತರುತ್ತಿದ್ದರು. ಅದು ಸುಳ್ಳಲ್ಲ. ಮೂರು ಸಾಲು. ಮೇಲಿನ ಸಾಲಿನಲ್ಲಿ ದಪ್ಪ ಪುಸ್ತಕಗಳು, ನಡುವೆ ಕಥೆಗಳು, ಕೆಳಸಾಲಿನಲ್ಲಿ ದೊಡ್ಡ ಅಕ್ಷರದವು. ಶನಿವಾರ ಬೆಳಿಗ್ಗೆ ಒಬ್ಬೊಬ್ಬರೇ ಎದ್ದು ನಿಂತು ಒಂದು ಪುಟ ಓದಬೇಕು. ತಪ್ಪಿಲ್ಲದೆ ಓದಿದವರಿಗೆ ಮೇಲಿನ ಸಾಲಿನ ಪುಸ್ತಕ. ಮೂರು ಸಲ ತಡವರಿಸಿದರೆ ಕ್ಲಾಸಿನ ಮಕ್ಕಳೆಲ್ಲ ಒಟ್ಟಿಗೆ, ರಾಗವಾಗಿ, "ಇಳೀ" ಎನ್ನಬೇಕು. ಆಗ ಆ ಮಗು ಪುಸ್ತಕ ವಾಪಸ್ ಇಟ್ಟು ಕೆಳಗಿನ ಸಾಲಿಗೆ ಕೈ ಹಾಕಬೇಕು. ಟೀಚರಿಗೆ ಅದು ಆಟ. ಅವರೂ ನಗುತ್ತಿದ್ದರು, ನಾವೂ ನಗುತ್ತಿದ್ದೆವು. ವರ್ಷದ ಕೊನೆಯಲ್ಲಿ ಮೇಲಿನ ಸಾಲು ಮುಟ್ಟಿದವರನ್ನು ಗಾಜನೂರು ಡ್ಯಾಮ್ ನೋಡಲು ಕರೆದುಕೊಂಡು ಹೋಗುತ್ತಿದ್ದರು. ನಾನು ಗಾಜನೂರನ್ನು ಈವರೆಗೂ ನೋಡಿಲ್ಲ.

ಕೆಳಸಾಲಿನ ಮೊದಲ ಪುಸ್ತಕ ಬಾತುಕೋಳಿಯದು. ಎಂಟು ಪುಟ. ಎರಡೂವರೆ ವರ್ಷ ಅದೇ ನನ್ನ ಪುಸ್ತಕ. ಪಕ್ಕದಲ್ಲಿ ಕೂರುತ್ತಿದ್ದ ಮಧು ಎನ್ನುವ ಹುಡುಗಿ ಪಾಪ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ ನನಗೆ ಅದನ್ನು ಓದಿ ಹೇಳಿ ಬಾಯಿಪಾಠ ಮಾಡಿಸಿದಳು. ಯಾವ ಮಾತಿಗೆ ಪುಟ ತಿರುಗಿಸಬೇಕು ಎನ್ನುವುದನ್ನೂ ಕಲಿಸಿದಳು. ಆ ಶನಿವಾರ ಎದ್ದು ನಿಂತು ಎಂಟೂ ಪುಟ ಗಡಗಡ ಹೇಳಿದೆ. ಟೀಚರ್ ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಆಮೇಲೆ ಎದ್ದು ಬಂದು ಐದನೇ ಪುಟ ತೆಗೆದು, "ಈಗ ಇದೊಂದು ಓದು ಪುಟ್ಟಾ" ಎಂದರು. ನಾನು ಮೊದಲ ಪುಟವನ್ನೇ ಹೇಳಿದೆ.

ಕ್ಲಾಸು ನಕ್ಕಿದ್ದನ್ನು ಬರೆಯುವುದಿಲ್ಲ. ಟೀಚರ್ ಹೇಳಿದ್ದನ್ನು ಬರೆಯುತ್ತೇನೆ. "ಕೆಳಸಾಲಿನ ಕೆಳಗೆ ಇನ್ನೆಲ್ಲಿಗೆ ಇಳಿಸೋದ್ರೋ ಇವಳನ್ನ? ಒಂದನೇ ಕ್ಲಾಸಿಗೆ ಕಳಿಸೋಣ್ವಾ?" ಎಂದು ಮಕ್ಕಳನ್ನು ಕೇಳಿದರು. ಕಳಿಸೋಣ ಎಂದು ಅವರೆಲ್ಲ ಕೂಗಿದರು. ಐದನೇ ಕ್ಲಾಸಿನ ನಾನು ಬೇಸಿಗೆ ರಜೆ ಬರುವವರೆಗೆ ಪ್ರತಿ ಶನಿವಾರ ಒಂದನೇ ಕ್ಲಾಸಿನ ಮಕ್ಕಳ ಜೊತೆ ಚಾಪೆಯ ಮೇಲೆ ಕೂತೆ. ಮಧು ಕೂಡ "ಇಳೀ" ಎಂದಿದ್ದಳು. ರಜೆ ಮುಗಿದ ಮೇಲೆ ನಾನು ಶಾಲೆಗೆ ಹೋಗಲಿಲ್ಲ. ನಮ್ಮಮ್ಮ ಹೊಡೆದಳು, ಅತ್ತಳು, ಸುಮ್ಮನಾದಳು.

ಹಾಗಾದರೆ ಈ ಪತ್ರ ಹೇಗೆ ಬರೆಯುತ್ತಿದ್ದೀಯ ಎಂದು ಕೇಳುತ್ತೀರಿ. ನಮ್ಮ ಬೀದಿಯ ಲಿಂಗಮ್ಮನ ಹತ್ತಿರ ಸೀರೆಗೆ ಫಾಲ್ಸ್ ಹಾಕುವುದನ್ನು, ರವಿಕೆಗೆ ಹುಕ್ಸ್ ಹೊಲಿಯುವುದನ್ನು ಕಲಿಯಲು ಕೂತೆ. ಲಿಂಗಮ್ಮ ವಾರಪತ್ರಿಕೆಯ ಧಾರಾವಾಹಿ ಬಿಡುತ್ತಿರಲಿಲ್ಲ. ಆಕೆಯ ಕಣ್ಣಿಗೆ ಪೊರೆ ಬಂದಾಗ ಪತ್ರಿಕೆಯನ್ನು ನನ್ನ ಮುಂದೆ ಹಾಕಿದಳು. ನನಗೆ ಬರಲ್ಲ ಎಂದೆ. "ನಿಧಾನ ಆದ್ರೂ ಪರವಾಗಿಲ್ಲ ಮಾರಾಯ್ತಿ. ಆ ಸೊಸೆ ಪಾಯಸಕ್ಕೆ ವಿಷ ಹಾಕಿದ್ಲೋ ಇಲ್ವೋ, ಅಷ್ಟು ಹೇಳ್ಬಿಡು ಸಾಕು. ನಂಗೆ ನಿದ್ದೆ ಬರ್ತಿಲ್ಲ" ಎಂದಳು. ಎರಡು ಗಂಟೆ ಹಿಡಿಯಿತು. ಹಾಕಿದ್ದಳು. ಮುಂದಿನ ವಾರದ ಸಂಚಿಕೆ ಬರುವವರೆಗೆ ನನಗೂ ತಡೆಯಲಾಗಲಿಲ್ಲ. ವರ್ಷ ತುಂಬುವುದರೊಳಗೆ ಲಿಂಗಮ್ಮನ ಅಟ್ಟದ ಮೇಲಿದ್ದ ಹಳೆಯ ಸಂಚಿಕೆಗಳೆಲ್ಲ ಮುಗಿದವು.

ಆದ್ದರಿಂದ ಓದು ಹೇಗೆ ಬರುತ್ತದೆ ಎಂದು ನನಗೆ ಗೊತ್ತಿತ್ತು ಅಕ್ಕ. ತನಗೆ ಬೇಕಾದದ್ದನ್ನು ತಾನೇ ತಿಳಿದುಕೊಳ್ಳಬೇಕು ಅನ್ನಿಸಬೇಕು. ಟೀಚರಿಗೆ ಏನು ಬೇಕಿತ್ತು ಎನ್ನುವುದೂ ಗೊತ್ತಿತ್ತು. ಪೇಪರಿನ ಕೊನೆಯ ಪುಟದಲ್ಲಿ ಯಾರು ತೀರಿಕೊಂಡರು ಎಂದು ನೋಡಬೇಕು. ಹಳೆಯ ಶಿಷ್ಯರು ಬರೆದ ಕಾಗದಗಳನ್ನು ನೋಡಬೇಕು. "ಅಂಬೀ, ಆ ಕಾಗದದ ಡಬ್ಬಿ ಕೊಡೇ" ಎಂದು ದಿನಾ ಕೇಳುತ್ತಿದ್ದರು. ಪಟ್ಟಿಯಲ್ಲಿ ಅದಿಲ್ಲ ಮೇಡಂ ಎಂದು ನಾನು ಪಟ್ಟಿಯ ಮೊದಲನೆಯದಾದ, ನಿಮ್ಮ ಬೀರುವಿನಲ್ಲೇ ಇದ್ದ ಬಾತುಕೋಳಿ ಪುಸ್ತಕವನ್ನು ಅವರ ಮಡಿಲಲ್ಲಿ ಇಡುತ್ತಿದ್ದೆ.

ಮೊದಲ ದಿನ ಅವರು ಕೇಳಿದರು, "ನೀನೆಷ್ಟು ಓದಿದೀಯಾ?" ಐದನೇ ಕ್ಲಾಸು ಎಂದೆ. "ಸರಿಹೋಯ್ತು, ಐದನೇ ಕ್ಲಾಸಿನವಳು ನನ್ನ ಮೇಡಮ್ಮು" ಎಂದು ನಕ್ಕರು. ಒಂದು ವಾರ ಕಳೆಯುವ ಹೊತ್ತಿಗೆ ಆ ಪುಸ್ತಕ ಕಂಡರೆ ಮೈಯುರಿಯುತ್ತಿತ್ತು. "ಇದೇನು ಪೆದ್ದು ಪುಸ್ತಕನೇ ಇದು? ಬಾತುಕೋಳಿ ಈಜಿತು, ಬಾತುಕೋಳಿ ಬಂದಿತು. ನಾನೇನು ಮಗೂನಾ? ಯಾರು ಆರಿಸಿದ್ದು ಇದನ್ನ?" ಎಂದು ಎಸೆದರು. ನಾನು ಎತ್ತಿಕೊಟ್ಟು, "ನೀವೇ ಮೇಡಂ" ಎಂದೆ. ನನ್ನ ಬಾಯಲ್ಲಿ ಅಷ್ಟು ಸಲೀಸಾಗಿ ಮಾತು ಬಂದದ್ದು ಅದೇ ಮೊದಲು.

ಮೂರು ಸಲ ತಡವರಿಸಿದ ಕೂಡಲೇ ಪುಸ್ತಕ ಮುಚ್ಚುತ್ತಿದ್ದೆ. ನಿಯಮ ನೋಟ್ ಬುಕ್ಕಿನ ಮೊದಲ ಪುಟದಲ್ಲೇ ಇತ್ತು. ಮಾರನೇ ದಿನ ಮತ್ತೆ ಮೊದಲ ಪುಟದಿಂದ. ಒಂದು ಮಧ್ಯಾಹ್ನ ಹಾಗೆ ಮುಚ್ಚಿದಾಗ ಅವರೇ ಗೋಡೆ ನೋಡುತ್ತಾ ಸಣ್ಣ ದನಿಯಲ್ಲಿ "ಇಳೀ" ಎಂದರು. ಆ ಪದ್ಧತಿ ಅವರಿಗೆ ನೆನಪಿತ್ತು. ನಾನು ನೆನಪಿರಲಿಲ್ಲ.

ದೀಪಾವಳಿಯಾದ ಮೇಲೆ ನೀವು, ಅಮ್ಮ ಏನೂ ಸುಧಾರಿಸುತ್ತಿಲ್ಲವಲ್ಲ, ಬೇರೆ ಯಾರನ್ನಾದರೂ ನೋಡೋಣವೇ ಎಂದು ಪ್ರಣವ ಅಣ್ಣನ ಹತ್ತಿರ ಮಾತಾಡಿದಿರಿ. ಟೀಚರಿಗೂ ಅದು ಕೇಳಿಸಿತು. ಅವತ್ತು ಅವರೇ ನನ್ನ ಕೈ ಹಿಡಿದುಕೊಂಡು, "ಗೌರಿ ಮುಂದೆ ಮರ್ಯಾದೆ ಹೋಗುತ್ತೆ ಕಣೇ. ಏನಾದ್ರೂ ಮಾಡು" ಎಂದರು. ನಾನು ಎಂಟೂ ಪುಟ ಹೇಳಿಕೊಟ್ಟೆ. ಯಾವ ಮಾತಿಗೆ ಪುಟ ತಿರುಗಿಸಬೇಕು ಎನ್ನುವುದನ್ನೂ ಕಲಿಸಿದೆ. ಹತ್ತು ದಿನದಲ್ಲಿ ಕಲಿತರು. ವಿಡಿಯೋ ಮಾಡಿ ನಿಮಗೆ ಕಳಿಸಿದೆ. ನೀವು ಕೋರ್ಟಿನಿಂದಲೇ ಫೋನ್ ಮಾಡಿ ಅತ್ತಿರಿ. ಆಮೇಲೆ ಅದನ್ನು ಹಳೆಯ ವಿದ್ಯಾರ್ಥಿಗಳ ಗ್ರೂಪಿಗೆ ಹಾಕಿದಿರಿ. ಒಂದು ಸಲವಾದರೂ ಐದನೇ ಪುಟ ತೆಗೆದು ಕೇಳಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಬಾಯಿಪಾಠ ಶುರುವಾದ ಮೇಲೆ ಅಕ್ಷರ ತೋರಿಸುವುದನ್ನು ನಾನು ಬಿಟ್ಟೇಬಿಟ್ಟೆ. ಮೂರು ತಿಂಗಳು ಹಾಗೇ ಹೋಯಿತು.

ಆ ವಿಡಿಯೋ ನೋಡಿಯೇ ರಿಟೈರ್ಡ್ ಹೆಡ್ ಮಾಸ್ಟರ್ ವೆಂಕಟಾಚಲ ಅವರು ಸಂಕ್ರಾಂತಿಯ ಹೊತ್ತಿಗೆ ಬಂದು, ಟೀಚರ ಪಟ್ಟಿಯನ್ನು ಅಚ್ಚು ಹಾಕಿಸಿ ಸನ್ಮಾನ ಮಾಡುತ್ತೇವೆ ಎಂದು ನೋಟ್ ಬುಕ್ ಒಯ್ದದ್ದು. ಕಳೆದ ಬುಧವಾರ ಅದನ್ನು ವಾಪಸ್ ಕೊಡಲು ಬಂದಾಗ ನೀವು ಇರಲಿಲ್ಲ, ಟೀಚರ್ ಮಲಗಿದ್ದರು. ಹೊಸ ಪುಸ್ತಕ ತೋರಿಸಿ, "ಭಾನುವಾರ ಇದರ ಮೊದಲನೇ ಪುಟನ ಮೇಡಂ ಕೈಲೇ ಓದಿಸ್ತೀವಿ. ಅವರನ್ನ ಸ್ವಲ್ಪ ರೆಡಿ ಮಾಡಮ್ಮ" ಎಂದು ನನಗೆ ಹೇಳಿಹೋದರು. ನಾನು ಟೀಚರಿಗೂ ಹೇಳಲಿಲ್ಲ, ನಿಮಗೂ ಹೇಳಲಿಲ್ಲ.

ಶನಿವಾರ ಟೀಚರ್ ಕೇಳಿದರು, "ನಾಳೆ ಬೇರೆ ಯಾವ್ದಾದ್ರೂ ಪುಸ್ತಕ ಕೊಟ್ರೆ ಏನೇ ಮಾಡ್ಲಿ?" ಕೊಡುವುದಿಲ್ಲ ಮೇಡಂ, ಬಾತುಕೋಳಿಯನ್ನೇ ಹೊಸದಾಗಿ ಅಚ್ಚು ಹಾಕಿಸಿ ಕೊಡುತ್ತಾರೆ, ಧೈರ್ಯವಾಗಿ ಹೇಳಿ ಎಂದೆ. ಅವರು ನಂಬಿದರು.

ಮಿಕ್ಕಿದ್ದನ್ನು ನೀವು ಮೊದಲ ಸಾಲಿನಲ್ಲಿ ಕೂತು ನೋಡಿದ್ದೀರಿ. ನಾನು ಬಾಗಿಲ ಹತ್ತಿರ ನಿಂತಿದ್ದೆ. ರೇಷ್ಮೆ ಸೀರೆ, ಹಾರ, ಕೈಯಲ್ಲಿ ತಮ್ಮದೇ ಹೆಸರಿನ ಹೊಸ ಪುಸ್ತಕ. ಮೈಕಿನ ಮುಂದೆ ಬಿಡಿಸಿ ಹಿಡಿದು, "ಕೆರೆಯಲ್ಲಿ ಒಂದು ಬಾತುಕೋಳಿ ಇತ್ತು" ಎಂದರು. ತಮಾಷೆ ಎಂದುಕೊಂಡು ಜನ ನಕ್ಕು ಚಪ್ಪಾಳೆ ತಟ್ಟಿದರು. ಅದಕ್ಕೆ ಅವರಿಗೆ ಹುರುಪು ಬಂತು. ಎರಡನೇ ಪುಟ, ಮೂರನೇ ಪುಟ, ಸರಿಯಾದ ಜಾಗದಲ್ಲಿ ತಿರುಗಿಸುತ್ತಾ ಹೋದರು. ನಾಲ್ಕನೆಯದಕ್ಕೆ ನಗು ನಿಂತಿತ್ತು. ವೆಂಕಟಾಚಲ ಅವರು ಪಕ್ಕಕ್ಕೆ ಬಂದು, "ಮೇಡಂ, ಅದಲ್ಲ ಮೇಡಂ, ಇಲ್ಲಿ ಬೇರೆ ಇದೆ" ಎಂದು ಪಿಸುಗುಟ್ಟಿದ್ದು ಮೈಕಿನಲ್ಲಿ ಇಡೀ ಹಾಲಿಗೆ ಕೇಳಿಸಿತು. ಟೀಚರ್ ನನ್ನನ್ನು ಹುಡುಕಿದರು. ಅವರ ಕಣ್ಣಿಗೆ ಬಿದ್ದೆ ಕೂಡ. ನಾನು ನನ್ನ ಚಪ್ಪಲಿ ನೋಡುತ್ತಾ ನಿಂತೆ.

ಅಲ್ಲಿಂದ ನೇರ ಬಸ್ ಸ್ಟ್ಯಾಂಡಿಗೆ ಬಂದು ಭದ್ರಾವತಿಯ ಬಸ್ ಹತ್ತಿದೆ. ಖುಷಿಯಾಗುತ್ತದೆ ಎಂದುಕೊಂಡಿದ್ದೆ. ಹಸಿವಾಯಿತು. ಮನೆಗೆ ಬಂದು ಎರಡು ತಟ್ಟೆ ಅನ್ನ ಉಂಡೆ.

ಕ್ಷಮಿಸಿ ಎಂದು ಬರೆದರೆ ನೀವು ನಂಬುವುದಿಲ್ಲ, ನನಗೂ ಅಷ್ಟು ನಂಬಿಕೆಯಿಲ್ಲ. ಇನ್ನು ಮೇಲೆ ನಿಮ್ಮ ಮನೆಗೆ ಬರುವುದಿಲ್ಲ. ಟೀಚರ ಬೆಳಗಿನ ಮಾತ್ರೆ ಫ್ರಿಜ್ಜಿನ ಮೇಲಿದೆ, ಅವರಿಗೆ ಕಾಫಿ ಜೊತೆ ಕೊಡಬೇಡಿ, ವಾಕರಿಕೆ ಬರುತ್ತದೆ. ಊಟವಾದ ಮೇಲೆ ಒಬ್ಬರೇ ಕೂತರೆ ಅಳುತ್ತಾರೆ. ಆಗ ಯಾರಾದರೂ ಹತ್ತಿರ ಇರಿ.

ಇಂತಿ,
ಐದನೇ ಕ್ಲಾಸಿನವರೆಗೆ ಓದಿದ
ಜಗದಾಂಬಾ

ಮರೆತ ಮಾತು: ಮರೆತಿರಲಿಲ್ಲ, ಬರೆಯಬಾರದು ಎಂದುಕೊಂಡಿದ್ದೆ. ವೆಂಕಟಾಚಲ ಅವರು ಬಂದುಹೋದ ಮಾರನೇ ದಿನ, ಗುರುವಾರ, ಟೀಚರ್ ಆ ಹಳೆಯ ನೋಟ್ ಬುಕ್ಕನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಪಟ್ಟಿಯ ಹಿಂದಿನ ಪುಟಗಳಲ್ಲಿ ಮಕ್ಕಳ ಹೆಸರಿನ ಮುಂದೆ ಅವರೇ ಬರೆದಿಟ್ಟ ಮಾತುಗಳಿವೆ. ನನ್ನ ಸಾಲನ್ನು ನಾನು ಕೆಲಸಕ್ಕೆ ಬಂದ ದಿನವೇ ಓದಿಕೊಂಡಿದ್ದೆ. ಟೀಚರ್ ಅದರ ಮೇಲೆ ಬೆರಳಿಟ್ಟು, ಯಾರೂ ಹೇಳಿಕೊಡದೆ, ಒಂದೊಂದೇ ಅಕ್ಷರ ಕೂಡಿಸಿಕೊಂಡು, ಬೆವರು ಒರೆಸಿಕೊಳ್ಳುತ್ತಾ, "ಜ-ಗ-ದಾಂ-ಬಾ. ಓದುವ ಮನಸ್ಸಿಲ್ಲ. ಇವಳಿಗೆ ಬಾತುಕೋಳಿಯೇ ಸಾಕು" ಎಂದು ಓದಿದರು. ಆಮೇಲೆ ನನ್ನ ಕಡೆ ತಿರುಗಿ, ಮುಖ ಇಷ್ಟಗಲ ಮಾಡಿಕೊಂಡು, "ಸರಿನೇನೇ ಅಂಬೀ? ಸರಿಯಾಗಿ ಓದಿದ್ನಾ?" ಎಂದು ಕೇಳಿದರು. ಇಲ್ಲ ಮೇಡಂ, ಪೂರ್ತಿ ತಪ್ಪು, ಅಲ್ಲಿ ಹಾಗೇನೂ ಬರೆದಿಲ್ಲ ಎಂದೆ. ಅವರು ನೋಟ್ ಬುಕ್ ಮುಚ್ಚಿದರು. ಅಲ್ಲಿಂದೀಚೆಗೆ ಅದನ್ನು ಮುಟ್ಟಿಲ್ಲ. ಅವರು ಓದಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ ಅಕ್ಕ.