ಒಂಬತ್ತನೇ ಸಾಲು

ಗೆಳತಿ,

ನಿನ್ನ ಕುಲಾಂತರಿ ಮೆಕ್ಕೆಜೋಳವನ್ನು ನಮ್ಮ ಸುರಕ್ಷತಾ ಸಮಿತಿ ಇವತ್ತು ಒಪ್ಪಿತು. ಕಡತದಲ್ಲಿ ಅರ್ಜಿದಾರರ ಹೆಸರು ನಮಗೆ ಕಾಣುವುದಿಲ್ಲ. ಆದರೂ ಮೊದಲ ವರ್ಷದ ಹೊಲದ ನಕ್ಷೆಯಲ್ಲೇ ನಿನ್ನನ್ನು ಗುರುತಿಸಿದ್ದೆ. ಪರಾಗ ಹೊರಗೆ ಹಾರದಂತೆ ಸುತ್ತ ಎಂಟು ಸಾಲು ಮಾಮೂಲಿ ಮೆಕ್ಕೆಜೋಳ ಹಾಕಿದರೆ ಸಾಕು. ನೀನು ಕಾಲೇಜಿನಿಂದಲೂ ಒಂಬತ್ತು ಹಾಕುವವಳು. ಕಾಲೇಜಿನ ಪ್ರಯೋಗಾಲಯದಲ್ಲಿ ಬೆಳೆಸಿದ ನಿನ್ನ ಸಸಿಗಳು ಹೊಲಕ್ಕಿಳಿದಾಗ ನನ್ನವೆಲ್ಲ ಸೀಸೆಯಲ್ಲೇ ಕೊಳೆತಿದ್ದವು. ನಕ್ಷೆ ನೋಡಿ ಮತ್ತೆ ಹೊಟ್ಟೆಕಿಚ್ಚಾಯಿತು. 'ಇವಳು ನನ್ನ ಪರಿಚಯದವಳು' ಎಂದು ಹೇಳಿ ಎದ್ದುಹೋಗುವ ಬದಲು, 'ಇನ್ನೊಂದು ಹಂಗಾಮು ಪರೀಕ್ಷೆಯಾಗಲಿ' ಎಂದು ಮೂರು ಸಲ ಬರೆದೆ. ಎಲ್ಲರೂ ಅದನ್ನು ಎಚ್ಚರಿಕೆ ಎಂದುಕೊಂಡರು.

ಸಂಜೆ ಗುಮಾಸ್ತ ಒಪ್ಪಿಗೆ ಪತ್ರ ಹಿಡಿದು ಬಂದ. "ಮೇಡಂ, ಅರ್ಜಿ ಹಾಕಿದವರು ಹೋದ ವರ್ಷವೇ ತೀರ್ಕೊಂಡ್ರಂತೆ. ಇದನ್ನ ಯಾರ ಹೆಸರಿಗೆ ಕಳಿಸ್ಲಿ?"

ಈ ವರ್ಷದ ನಕ್ಷೆಯಲ್ಲಿ ಎಂಟೇ ಸಾಲಿದ್ದವು. ಅಂತೂ ಇವಳ ಜಂಬ ಇಳಿಯಿತು ಎಂದು ಖುಷಿಪಟ್ಟೇ ಬೆಳಿಗ್ಗೆ ಸಹಿ ಹಾಕಿದ್ದೆ.