ಹಗೇವಿನಲ್ಲಿ ಇಟ್ಟ ವೈನು

ಮಕ್ತಲ, ಆಷಾಢ, 1948

ಧರೂರಿನ ಮಾವ ಎಂಕಪ್ಪನವರಿಗೆ ಅಳಿಯ ತಾಯಣ್ಣನ ಶರಣು.

ಗದ್ವಾಲದ ಬಟ್ಲರನೊಬ್ಬ ಹೇಳಿದಂತೆ ಮೊದಲ ಸಲ ನೇರಳೆಹಣ್ಣಿನ ವೈನು ಮಾಡಲು ಹೋಗಿ ನಾಲ್ಕು ಬುಟ್ಟಿ ಹಣ್ಣು, ಆರು ಸೇರು ಬೆಲ್ಲ ಕಳೆದೆ. ತಂಪಿರಲೆಂದು ಗಡಿಗೆಗಳನ್ನು ಹಗೇವಿನಲ್ಲಿ, ಬರಿದಾಗಿದ್ದ ಆ ಜೋಳದ ನೆಲಗುಂಡಿಯಲ್ಲಿ ಇಟ್ಟಿದ್ದೆ.

ಇವತ್ತು ಮುಂಜಾನೆ ನಿಜಾಮನ ಕಡೆಯ ಬಂದೂಕಿನವರು, ತಿರಂಗಾ ಏರಿಸಿದ ನಿಮ್ಮ ಮಗ ಬೀರಯ್ಯನನ್ನು ಹುಡುಕುತ್ತ ಓಣಿಗೆ ಬಂದರು. ಅವನನ್ನು ಹಗೇವಿಗೆ ಇಳಿಸುವ ಮುಂಚೆ ನಿಮ್ಮ ಮಗಳು ಬಾಲಮ್ಮ ವಾಡಿಕೆಯಂತೆ ಒಳಗಿನ ಗಾಳಿ ನೋಡಲು ಎರಡು ಸಲ ದೀಪ ಇಳಿಸಿದಳು. ಎರಡು ಸಲವೂ ಆರಿತು.

“ನಿಮ್ಮ ರಸದ ಹವಾ ತುಂಬೈತ್ರಿ. ಇಳಿದ್ರ ತಮ್ಮ ಸಾಯ್ತಾನ,” ಎಂದಳು.

ಬೇರೆ ದಾರಿಯಿಲ್ಲದೆ ಅವನನ್ನು ಕೂಲಿಯವನಂತೆ ಕಂಬಳಿ ಮಗ್ಗಕ್ಕೆ ಕೂರಿಸಿದೆ.

ಬಂದವರಲ್ಲೊಬ್ಬ, ಒಳಗೆ ಕೆಟ್ಟ ಹವಾ ಇದೆಯೆಂಬ ನನ್ನ ಮಾತು ನಂಬದೆ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹಗೇವಿಗಿಳಿದು ಅಲ್ಲೇ ಕುಸಿದ. ನಾನು ಬೇಡವೆಂದು ಕಣ್ಸನ್ನೆ ಮಾಡುವಷ್ಟರಲ್ಲಿ ಬೀರಯ್ಯನೇ ಎದ್ದು ಬಂದು ಅವನನ್ನು ಮೇಲೆಳೆದ. ಆ ಮನುಷ್ಯನಿಗೆ ಉಸಿರು ಬಂತು.

“ಶಾಬಾಷ್ ಬೇಟಾ. ಇಲ್ಲೇ ಇರು, ನಾಳೆ ಇನಾಮು ತರ್ತೀನಿ,” ಎಂದ ಅವರ ಜಮಾದಾರ.

ನಾಳೆ ಅವನು ಬಂದರೆ ಈ ಕೂಲಿಯವನು ಯಾರೆಂದು ತಿಳಿದೇ ತಿಳಿಯುತ್ತದೆ; ಅದಕ್ಕೇ ಈ ಪತ್ರ. ಇದರ ಹಿಂದೆಯೇ ಬೀರಯ್ಯ ಉಣ್ಣೆ ಬಂಡಿಯಲ್ಲಿ ಬರುತ್ತಾನೆ. ತುಂಗಭದ್ರೆ ದಾಟಿಸಲು ಹರಿಗೋಲು ಗೊತ್ತುಮಾಡಿರಿ. ಆಚೆಯ ಕರ್ನೂಲಿನಲ್ಲಿ ಇವರ ಕೈ ನಡೆಯದು. ಓದಿದ ಮೇಲೆ ಪತ್ರವನ್ನು ಒಲೆಗೆ ಹಾಕಿರಿ.

ಯಾರಿಗೆ ಏನು ದಕ್ಕಿತೆಂದರೆ, ಅವರಿಗೆ ಅವರ ಮನುಷ್ಯ, ಜಮಾದಾರನಿಗೆ ಬೀರಯ್ಯನ ಮುಖದ ಗುರುತು, ಬೀರಯ್ಯನಿಗೆ ನಾಳೆಯವರೆಗೆ ಸಮಯ.

ನಿಮ್ಮ ಅಳಿಯ,
ತಾಯಣ್ಣ